ಆ್ಯಪ್ ಆಮೇಲೆ ಮಾಡೋಣ, ಮೊದಲು ಒಂದು ಆರ್ಡರಿನ ಲೆಕ್ಕ ಹಾಕೋಣ

ಮೊನ್ನೆ ನಮ್ಮ ಕಾಲೇಜಿನ ಐಡಿಯಾ ಕಾಂಪಿಟಿಷನ್‌ಗೆ ವಾಲಂಟಿಯರ್ ಆಗಿ ಹೋಗಿದ್ದೆ. ನನ್ನದು ದೊಡ್ಡ ಕೆಲಸ ಏನಲ್ಲ. ಟೀಮ್‌ಗಳನ್ನ ಒಂದೊಂದಾಗಿ ಒಳಗೆ ಕಳಿಸೋದು, ಏಳು ನಿಮಿಷ ಆದ ಮೇಲೆ ಬೆಲ್ ಹೊಡೆಯೋದು, ಅಷ್ಟೇ. ಅವತ್ತು ಬಂದಿದ್ದು ಹದಿನಾಲ್ಕು ಟೀಮ್. ಅದರಲ್ಲಿ ಒಂಬತ್ತು ಟೀಮ್ ತಂದಿದ್ದು ಏನನ್ನಾದರೂ ಆನ್‌ಲೈನ್‌ನಲ್ಲಿ ಮಾರುವ ಅಥವಾ ಮನೆಗೆ ತಲುಪಿಸುವ ಆ್ಯಪ್. ಹಾಸ್ಟೆಲ್‌ಗೆ ರಾತ್ರಿ ತಿಂಡಿ, ಸೆಕೆಂಡ್ ಹ್ಯಾಂಡ್ ಪುಸ್ತಕ, ರೈತರಿಂದ ನೇರ ತರಕಾರಿ, ಬಾಡಿಗೆಗೆ ಲ್ಯಾಬ್ ಕೋಟು. ಡೆಮೋಗಳು ನಿಜವಾಗ್ಲೂ ಚೆನ್ನಾಗಿದ್ವು. ಆದರೆ ಜಡ್ಜ್ ಒಬ್ಬರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳ್ತಿದ್ರು: "ಒಂದು ಆರ್ಡರ್ ಬಂದರೆ ನಿಮಗೆ ಎಷ್ಟು ಉಳಿಯುತ್ತೆ?" ಒಂಬತ್ತರಲ್ಲಿ ಎಂಟು ಟೀಮ್ ಹೇಳಿದ್ದು, "ಮೊದಲು ಯೂಸರ್ಸ್ ಬರಲಿ ಸಾರ್, ದುಡ್ಡು ಆಮೇಲೆ ನೋಡ್ಕೋತೀವಿ."

ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಯಾಕಂದ್ರೆ ಹೋದ ವರ್ಷ ನಾನೂ ಇದೇ ಉತ್ತರ ಕೊಟ್ಟಿದ್ದೆ. ಜಡ್ಜ್‌ಗಲ್ಲ, ನಮ್ಮ ಚಿಕ್ಕಮ್ಮನಿಗೆ. ಆ ಉತ್ತರಕ್ಕೆ ದುಡ್ಡು ತೆತ್ತಿದ್ದು ಅವರು.

ಚಿಕ್ಕಮ್ಮ ಇರೋದು ಅರಸೀಕೆರೆಯಲ್ಲಿ. ಮನೆಯ ಮುಂದಿನ ರೂಮಲ್ಲಿ ಎರಡು ಹೊಲಿಗೆ ಮೆಷಿನ್. ಚಿಕ್ಕಪೇಟೆಯಿಂದ ಬಟ್ಟೆ ತಂದು ಕಾಟನ್ ಕುರ್ತಿ ಹೊಲಿದು, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಫೋಟೋ ಹಾಕಿ ಮಾರ್ತಿದ್ರು. ತಿಂಗಳಿಗೆ ಇಪ್ಪತ್ತು, ಇಪ್ಪತ್ತೈದು ಕುರ್ತಿ ಹೋಗ್ತಿತ್ತು. ಫಸ್ಟ್ ಇಯರ್ ರಜಕ್ಕೆ ಹೋದಾಗ ನಾನು, ದೊಡ್ಡ ಇಂಜಿನಿಯರ್, "ಇದೆಲ್ಲ ಹಳೇ ಕಾಲದ್ದು ಚಿಕ್ಕಮ್ಮ, ಇಡೀ ಇಂಡಿಯಾಕ್ಕೆ ಮಾರೋಣ" ಅಂದೆ. ಒಂದು ದೊಡ್ಡ ಮಾರ್ಕೆಟ್‌ಪ್ಲೇಸ್‌ನಲ್ಲಿ ಸೆಲ್ಲರ್ ಅಕೌಂಟ್ ತೆರೆದೆ. ಬೇರೆ ರಾಜ್ಯಕ್ಕೂ ಮಾರಬೇಕಲ್ಲ, ಅದಕ್ಕೆ ಜಿಎಸ್‌ಟಿ ಮಾಡಿಸಿದೆವು. ಫೋಟೋ ತೆಗೆದೆ, ಇಂಗ್ಲಿಷ್‌ನಲ್ಲಿ ವಿವರ ಬರೆದೆ. "ಇದರಲ್ಲಿ ನಮಗೆ ಎಷ್ಟು ಉಳಿಯುತ್ತೋ?" ಅಂತ ಚಿಕ್ಕಮ್ಮ ಕೇಳಿದ್ರು. "ಮೊದಲು ಆರ್ಡರ್ ಬರಲಿ ಚಿಕ್ಕಮ್ಮ, ಆಮೇಲೆ ನೋಡೋಣ" ಅಂದೆ.

ಆರ್ಡರ್ ಬಂತು. ಅದೇ ಪ್ರಾಬ್ಲಮ್ ಆಗಿದ್ದು.

ಮೂರು ತಿಂಗಳಾದ ಮೇಲೆ ಚಿಕ್ಕಮ್ಮ ಫೋನ್ ಮಾಡಿ "ಕೆಲಸ ಜಾಸ್ತಿ ಆಗಿದೆ, ಕೈಯಲ್ಲಿ ಕಾಸಿಲ್ಲ ಕಣೋ" ಅಂದ್ರು. ಊರಿಗೆ ಹೋಗಿ ಅವರ ನೋಟ್‌ಬುಕ್ ಮುಂದೆ ಕೂತು ಲೆಕ್ಕ ಹಾಕಿದೆ. ಅರ್ಥ ಆಗಲಿ ಅಂತ ರೌಂಡ್ ಮಾಡಿ ಹೇಳ್ತೀನಿ. ಒಂದು ಕುರ್ತಿಯ ಬೆಲೆ 500 ರೂ. ಬಟ್ಟೆ, ಹೊಲಿಗೆ ಸೇರಿ ಖರ್ಚು 300. ಸ್ಟೇಟಸ್ ನೋಡಿ ತಗೊಂಡವರು ಕೊರಿಯರ್ ದುಡ್ಡು ಅವರೇ ಕೊಡ್ತಿದ್ರು, ಹಾಗಾಗಿ ಪೂರ್ತಿ 200 ಉಳೀತಿತ್ತು. ಮಾರ್ಕೆಟ್‌ಪ್ಲೇಸ್‌ನಲ್ಲಿ ಕಮಿಷನ್, ಫಿಕ್ಸೆಡ್ ಫೀ, ಶಿಪ್ಪಿಂಗ್, ಇವುಗಳ ಮೇಲಿನ ತೆರಿಗೆ ಎಲ್ಲ ಸೇರಿ 130 ಕಟ್. ಕವರು, ಲೇಬಲ್ಲು 10. ಉಳಿದದ್ದು 60. ಸರಿ, 60 ಆದರೂ ಬಂತಲ್ಲ ಅನ್ನಬಹುದು.

ಆದರೆ ಹತ್ತು ಕುರ್ತಿ ಕಳಿಸಿದರೆ ಮೂರು ವಾಪಸ್ ಬರ್ತಿತ್ತು. ಒಬ್ಬರಿಗೆ ಸೈಜ್ ಆಗಿಲ್ಲ, ಒಬ್ಬರಿಗೆ ಫೋಟೋದಲ್ಲಿದ್ದ ಬಣ್ಣ ಬೇರೆ ಥರ ಕಂಡಿದೆ, ಇನ್ನೊಬ್ಬರು ಕ್ಯಾಶ್ ಆನ್ ಡೆಲಿವರಿ ಹಾಕಿ ಬಾಗಿಲೇ ತೆಗೆದಿಲ್ಲ. ವಾಪಸ್ ಬಂದ ಒಂದೊಂದಕ್ಕೂ ಸಾಗಾಣಿಕೆ 90, ಪ್ಯಾಕಿಂಗ್ 10. ಈಗ ಹತ್ತು ಆರ್ಡರಿನ ಲೆಕ್ಕ ನೋಡಿ. ಮಾರಾಟವಾದ ಏಳರಿಂದ 420 ರೂ. ವಾಪಸ್ ಬಂದ ಮೂರಕ್ಕೆ 300 ಖರ್ಚು. ಉಳಿದದ್ದು 120. ಆ ಮೂರರಲ್ಲಿ ಒಂದು ಕಲೆಯಾಗಿ ಬಂದು ಮತ್ತೆ ಮಾರೋಕೆ ಆಗ್ತಿರಲಿಲ್ಲ, ಅದಕ್ಕೆ ಹಾಕಿದ 300 ಹೋಯ್ತು. ಅಲ್ಲಿಗೆ ಹತ್ತು ಆರ್ಡರಿಗೆ 180 ರೂಪಾಯಿ ನಷ್ಟ. ಇದರಲ್ಲಿ ಚಿಕ್ಕಮ್ಮ ರಾತ್ರಿ ಕೂತು ಪ್ಯಾಕ್ ಮಾಡಿದ್ದಕ್ಕೆ ಕೂಲಿ ಹಿಡಿದಿಲ್ಲ.

ಯಾರೂ ಮೋಸ ಮಾಡಿರಲಿಲ್ಲ. ಎಲ್ಲ ಫೀಸೂ ಸೆಲ್ಲರ್ ಪೇಜ್‌ನಲ್ಲೇ ಬರೆದಿತ್ತು. ಓದದೇ ಇದ್ದದ್ದು ನಾನು.

ಬಿಸಿನೆಸ್ ಮಾಡೆಲ್ ಅಂದ್ರೆ ಏನು ಅನ್ನೋದನ್ನ ನನಗೆ ಸರಿಯಾಗಿ ಹೇಳಿಕೊಟ್ಟದ್ದು ಯಾವ ವಿಡಿಯೋನೂ ಅಲ್ಲ, ಅವತ್ತು ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ. ಅವರು ಕೊಬ್ಬರಿ ಮಾರೋರು. "ಇದರಲ್ಲಿ ಹೊಸದೇನಿದೆಯೋ? ಮಂಡಿ ದಲ್ಲಾಳಿನೂ ಕೊಬ್ಬರಿ ಕೊಳ್ಳಲ್ಲ, ಕೊಳ್ಳೋನ್ನ ತೋರಿಸ್ತಾನೆ, ತನ್ನ ಕಮಿಷನ್ ಇಟ್ಕೋತಾನೆ. ಕೊಬ್ಬರಿ ಬೂಸ್ಟ್ ಹಿಡಿದ್ರೆ ನಷ್ಟ ನಂದು, ಅವಂದಲ್ಲ" ಅಂದ್ರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಮಾರ್ಕೆಟ್‌ಪ್ಲೇಸ್ ಅನ್ನೋದಕ್ಕೆ ಸರಿಯಾದ ಕನ್ನಡ ಅವತ್ತು ಸಿಕ್ಕಿತು: ಮಂಡಿ.

ಆನ್‌ಲೈನ್ ವ್ಯಾಪಾರದ ಮಾಡೆಲ್‌ಗಳನ್ನ ನಾನು ಈಗ ಹೀಗೇ ನೆನಪಿಟ್ಟುಕೊಳ್ಳೋದು. ಒಂದು, ಅಂಗಡಿ. ಕಂಪನಿಯೇ ಸರಕು ಕೊಂಡು, ಗೋಡೌನ್‌ನಲ್ಲಿಟ್ಟು ಮಾರುತ್ತೆ. ಲಾಭ ಪೂರ್ತಿ ಅದರದ್ದೇ, ಮಾರಾಟ ಆಗದೆ ಉಳಿದ ಸರಕೂ ಅದರದ್ದೇ. ಇದಕ್ಕೆ ಇನ್ವೆಂಟರಿ ಮಾಡೆಲ್ ಅಂತಾರೆ. ಎರಡು, ಮಂಡಿ. ಸರಕು ಬೇರೆಯವರದ್ದು, ಜಾಗ ಮಾತ್ರ ಕಂಪನಿಯದ್ದು. ಮೂರು, ಪಾಸು. ಒಂದೊಂದು ವ್ಯವಹಾರಕ್ಕೂ ಕಮಿಷನ್ ಕೇಳದೆ ದಿನಕ್ಕೋ ತಿಂಗಳಿಗೋ ಇಂತಿಷ್ಟು ಅಂತ ತಗೊಳ್ಳೋದು, ಅಂದ್ರೆ ಸಬ್‌ಸ್ಕ್ರಿಪ್ಷನ್. ನಾಲ್ಕು, ಬೋರ್ಡು. ಜನ ಸೇರುವ ಜಾಗದಲ್ಲಿ ನಿಮ್ಮ ಹೆಸರು ಮೇಲೆ ಕಾಣಬೇಕಾದ್ರೆ ದುಡ್ಡು ಕೊಡಿ ಅನ್ನೋದು, ಅಂದ್ರೆ ಜಾಹೀರಾತು. ಇದು ಸಣ್ಣ ಆದಾಯ ಅಂದ್ಕೋಬೇಡಿ. 2023ರಲ್ಲಿ ಅಮೆಜಾನ್‌ಗೆ ಜಾಹೀರಾತು ಒಂದರಿಂದಲೇ ಸುಮಾರು 4,700 ಕೋಟಿ ಡಾಲರ್ ಬಂತು.

ಅಂಗಡಿ ಮತ್ತು ಮಂಡಿ ನಡುವಿನ ವ್ಯತ್ಯಾಸ ಬರೀ ಪರೀಕ್ಷೆಗೆ ಓದೋದಲ್ಲ, ನಮ್ಮ ದೇಶದಲ್ಲಿ ಅದು ನಿಯಮ. 2016ರಲ್ಲಿ ಕೇಂದ್ರ ಸರ್ಕಾರ ಎರಡನ್ನೂ ಬಿಡಿಸಿ ಹೇಳಿ, ವಿದೇಶಿ ಬಂಡವಾಳ ಮಂಡಿಗೆ 100% ಬರಬಹುದು, ಸರಕು ತಾನೇ ಇಟ್ಟುಕೊಂಡು ಮಾರುವ ಆನ್‌ಲೈನ್ ಅಂಗಡಿಗೆ ಬರೋಹಾಗಿಲ್ಲ ಅಂತು. 2019ರ ಫೆಬ್ರವರಿಯಿಂದ ಇದು ಇನ್ನೂ ಬಿಗಿಯಾಯ್ತು. ಆದ್ದರಿಂದ ದೊಡ್ಡ ಸೈಟ್‌ಗಳಲ್ಲಿ ವಸ್ತುವಿನ ಕೆಳಗೆ "ಮಾರುವವರು ಇಂಥವರು" ಅಂತ ಬೇರೆ ಹೆಸರು ಕಾಣುತ್ತೆ. ಮುಂದಿನ ಸಲ ಆರ್ಡರ್ ಹಾಕುವಾಗ ಆ ಸಾಲು ಓದಿ. ನಿಮ್ಮ ದುಡ್ಡಿನ ಒಂದು ಪಾಲು ಹೋಗೋದು ಅಲ್ಲಿಗೆ, ಯಾರೋ ಒಬ್ಬ ಚಿಕ್ಕಮ್ಮನಿಗೂ ಇರಬಹುದು.

ಮಾಡೆಲ್‌ನಷ್ಟೇ ಮುಖ್ಯ ಏನು ಮಾರ್ತೀವಿ ಅನ್ನೋದು. ಇದಕ್ಕೆ ನಮ್ಮ ಬೆಂಗಳೂರಿಗಿಂತ ಒಳ್ಳೆ ಪಾಠಶಾಲೆ ಇಲ್ಲ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಇಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡಿದಾಗ ಮಾರಿದ್ದು ಪುಸ್ತಕ. ಅಮೆಜಾನ್ ಕೂಡ ಪುಸ್ತಕದಿಂದಲೇ ಶುರುವಾಗಿತ್ತು. ಯಾಕೆ ಪುಸ್ತಕ? ಸೈಜ್ ಇಲ್ಲ, ಕೆಡಲ್ಲ, ಬಿದ್ರೆ ಒಡೆಯಲ್ಲ, ಎಲ್ಲಿ ಕೊಂಡರೂ ಅದೇ ಪುಸ್ತಕ. ವಾಪಸ್ ಕೊಡೋಕೆ ಕಾರಣ ಕಡಿಮೆ. ಕುರ್ತಿ ಇದಕ್ಕೆ ಪೂರ್ತಿ ಉಲ್ಟಾ. 2010ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ ತಂದಾಗ ಕಾರ್ಡ್ ಇಲ್ಲದವರಿಗೆ, ಆನ್‌ಲೈನ್ ಅಂದ್ರೆ ಭಯ ಇದ್ದವರಿಗೆ ಬಾಗಿಲು ತೆರೀತು. ಆದರೆ ಆ ನಂಬಿಕೆಗೂ ಒಂದು ಬೆಲೆ ಇದೆ. ಮೊದಲೇ ದುಡ್ಡು ಕೊಡದವನಿಗೆ "ಬೇಡ" ಅನ್ನೋದು ಸುಲಭ, ಆ "ಬೇಡ"ದ ಖರ್ಚನ್ನ ಯಾರಾದ್ರೂ ಹೊರಬೇಕು.

ಇನ್ನೊಂದು ಉದಾಹರಣೆ ರೆಡ್‌ಬಸ್. 2005ರ ದೀಪಾವಳಿಗೆ ಹೈದರಾಬಾದಿಗೆ ಬಸ್ ಟಿಕೆಟ್ ಸಿಗದೆ ಬೆಂಗಳೂರಲ್ಲೇ ಉಳಿದ ಫಣೀಂದ್ರ ಸಾಮ, ಗೆಳೆಯರ ಜೊತೆ ಸೇರಿ 2006ರಲ್ಲಿ ಅದನ್ನ ಶುರು ಮಾಡಿದರು. ಟಿಕೆಟ್‌ಗೆ ಡಬ್ಬ ಬೇಡ, ಗೋಡೌನ್ ಬೇಡ, ಡೆಲಿವರಿ ಬಾಯ್ ಬೇಡ. ಬಸ್ ಹೊರಟ ಮೇಲೆ ಖಾಲಿ ಸೀಟಿನ ಬೆಲೆ ಸೊನ್ನೆ, ಹಾಗಾಗಿ ಸೀಟು ತುಂಬಿಸಿಕೊಟ್ಟವರಿಗೆ ಬಸ್‌ನವರು ಖುಷಿಯಿಂದ ಕಮಿಷನ್ ಕೊಡ್ತಾರೆ. ಅದೂ ಆನ್‌ಲೈನ್ ವ್ಯಾಪಾರ, ಕುರ್ತಿಯೂ ಆನ್‌ಲೈನ್ ವ್ಯಾಪಾರ. ಕೋಡ್ ನೋಡಿದ್ರೆ ಎರಡೂ ಒಂದೇ ಥರ. ಲೆಕ್ಕ ಮಾತ್ರ ಆಕಾಶ ಭೂಮಿ.

ಮಾಡೆಲ್ ಬದಲಾಯಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಯಾತ್ರಿ ನೋಡಿ. 2022ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಆಟೋದವರಿಂದ ಕಮಿಷನ್ ತಗೊಳ್ಳಲ್ಲ ಅಂದರು. ಮುಂದಿನ ವರ್ಷ ದಿನಕ್ಕೆ 25 ರೂಪಾಯಿ ಕಟ್ಟಿ ಎಷ್ಟು ಬೇಕಾದ್ರೂ ಟ್ರಿಪ್ ಹೊಡೀರಿ ಅನ್ನೋ ಪ್ಲಾನ್ ತಂದರು. ಅದೇ ಆಟೋ, ಅದೇ ರಸ್ತೆ, ಅದೇ ಜಿಪಿಎಸ್. ಬದಲಾದದ್ದು ದುಡ್ಡು ಯಾರ ಜೇಬಿಂದ ಯಾವಾಗ ಹೋಗುತ್ತೆ ಅನ್ನೋದು ಮಾತ್ರ. ಹೆಚ್ಚು ಓಡಿಸಿದವನಿಗೆ ಹೆಚ್ಚು ಉಳಿಯುತ್ತೆ. ಇದನ್ನ ಯೋಚಿಸೋಕೆ ಬೇಕಾಗಿದ್ದು ಹೊಸ ಅಲ್ಗಾರಿದಮ್ ಅಲ್ಲ, ಒಂದು ಹಾಳೆ, ಒಂದು ಪೆನ್ನು.

ಈಗ ನಮ್ಮ ಸೀನಿಯರ್ಸ್ ಹೇಳೋ ಮಾತಿಗೆ ಬರ್ತೀನಿ. "ಫ್ಲಿಪ್‌ಕಾರ್ಟ್ ವರ್ಷಗಟ್ಟಲೆ ನಷ್ಟದಲ್ಲೇ ಇತ್ತು. ಆದ್ರೂ 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು 77% ಪಾಲು ತಗೊಳ್ಳಲಿಲ್ವಾ? ಮೊದಲು ಬೆಳೀಬೇಕು ಮಗಾ." ಈ ಮಾತನ್ನ ಸುಳ್ಳು ಅಂತ ತಳ್ಳಿಹಾಕೋಕಾಗಲ್ಲ. ಆದರೆ ಬೆಳೆದ್ರೆ ಯಾವ ಖರ್ಚು ಕಮ್ಮಿ ಆಗುತ್ತೆ, ಯಾವುದು ಆಗಲ್ಲ ಅಂತ ಬಿಡಿಸಿ ನೋಡಬೇಕು. ಗೋಡೌನ್ ಬಾಡಿಗೆ, ಸರ್ವರ್, ಸಾಫ್ಟ್‌ವೇರ್ ಸಂಬಳ ಇವೆಲ್ಲ ಹೆಚ್ಚು ಆರ್ಡರ್ ಮೇಲೆ ಹರಡಿದಾಗ ಒಂದೊಂದಕ್ಕೆ ಬೀಳೋ ಭಾರ ಇಳಿಯುತ್ತೆ. ಒಂದೇ ಬೀದಿಗೆ ಐದು ಡಬ್ಬ ಹೋದ್ರೆ ಡೆಲಿವರಿ ಖರ್ಚೂ ಸ್ವಲ್ಪ ಇಳಿಯುತ್ತೆ. ಆದರೆ ಸೈಜ್ ಆಗದ ಕುರ್ತಿ ಹತ್ತರಲ್ಲಿ ಮೂರು ವಾಪಸ್ ಬಂದ್ರೆ, ಸಾವಿರದಲ್ಲಿ ಮುನ್ನೂರು ಬರುತ್ತೆ. ಹತ್ತು ಆರ್ಡರಿಗೆ 180 ಹೋಗ್ತಿದ್ರೆ ಸಾವಿರಕ್ಕೆ 18,000 ಹೋಗುತ್ತೆ. ಇಂಥ ಕಡೆ ಬೆಳೆಯೋದು ಅಂದ್ರೆ ತೂತು ಬಿಂದಿಗೆಗೆ ನಲ್ಲಿ ಜೋರಾಗಿ ಬಿಟ್ಟ ಹಾಗೆ.

ಬೆಂಗಳೂರಿನ ಡನ್‌ಜೋ ನೆನಪಿದೆಯಲ್ಲ? ವಾಟ್ಸ್‌ಆ್ಯಪ್‌ನಲ್ಲಿ ಜನರ ಸಣ್ಣಪುಟ್ಟ ಕೆಲಸ ಮಾಡಿಕೊಡ್ತಾ ಶುರುವಾದದ್ದು. "ಡನ್‌ಜೋ ಮಾಡು" ಅಂತ ಕ್ರಿಯಾಪದವೇ ಆಗಿಹೋಗಿತ್ತು. ರಿಲಯನ್ಸ್ ರೀಟೇಲ್ ಕೂಡ ದುಡ್ಡು ಹಾಕಿತ್ತು. 2025ರ ಜನವರಿ ಹೊತ್ತಿಗೆ ಆ್ಯಪ್ ನಿಂತುಹೋಯ್ತು. ಜನಕ್ಕೆ ಇಷ್ಟ ಆಗೋದು ಬೇರೆ, ಬದುಕಿ ಉಳಿಯೋದು ಬೇರೆ. ಮತ್ತೆ ದೊಡ್ಡ ಕಂಪನಿಗೆ ನಷ್ಟ ಆದ್ರೆ ಇನ್ವೆಸ್ಟರ್ ದುಡ್ಡು ಇರುತ್ತೆ, ಕೆಲವು ವರ್ಷ ತಡ್ಕೊಳ್ಳುತ್ತೆ. ಚಿಕ್ಕಮ್ಮನ ಇನ್ವೆಸ್ಟರ್ ಚೀಟಿ ದುಡ್ಡು. ಅದಕ್ಕೆ ತಡ್ಕೊಳ್ಳೋ ಶಕ್ತಿ ಮೂರೇ ತಿಂಗಳು.

ಹಾಗಂತ ಆ್ಯಪ್ ಮಾಡಬೇಡಿ, ಆನ್‌ಲೈನ್‌ಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಅರಸೀಕೆರೆಯಲ್ಲಿ ಕೂತವರ ಕೈಕೆಲಸ ಗುವಾಹಟಿಯವರಿಗೆ ಕಾಣೋದು ಸಣ್ಣ ವಿಷಯ ಅಲ್ಲ. ನನ್ನ ವಾದ ಇಷ್ಟೇ: ನಾವು ಇಂಜಿನಿಯರಿಂಗ್ ಹುಡುಗರು ಸೇತುವೆ ಕಟ್ಟೋ ಮೊದಲು ಲೋಡ್ ಲೆಕ್ಕ ಹಾಕ್ತೀವಿ, ಸರ್ಕ್ಯೂಟ್‌ಗೆ ಕರೆಂಟ್ ಕೊಡೋ ಮೊದಲು ರೆಸಿಸ್ಟರ್ ನೋಡ್ತೀವಿ. ವ್ಯಾಪಾರದ ಆ್ಯಪ್ ಅಂದ ಕೂಡಲೇ ಮಾತ್ರ ಲೋಡ್ ಲೆಕ್ಕ "ಆಮೇಲೆ" ಆಗೋದು ಯಾಕೆ?

ಅದಕ್ಕೇ ಐಡಿಯಾ ಕಾಂಪಿಟಿಷನ್ ನಡೆಸುವವರಿಗೆ ನನ್ನದೊಂದು ಮನವಿ. ಮುಂದಿನ ವರ್ಷದಿಂದ ಡೆಮೋಗೆ ಮೊದಲು ಒಂದು ಪುಟ ಕೇಳಿ. ಅದರಲ್ಲಿ ಐದೇ ಪ್ರಶ್ನೆ ಇರಲಿ. ಸರಕು ಯಾರದ್ದು? ಒಂದು ಆರ್ಡರಿಗೆ ಬರೋದೆಷ್ಟು, ಹೋಗೋದೆಷ್ಟು? ಹತ್ತರಲ್ಲಿ ಎಷ್ಟು ವಾಪಸ್ ಬರಬಹುದು, ಆ ಖರ್ಚು ಯಾರ ತಲೆ ಮೇಲೆ? ಮಾರಿದವರ ಕೈಗೆ ದುಡ್ಡು ಎಷ್ಟು ದಿನಕ್ಕೆ ಸೇರುತ್ತೆ? ಡೆಲಿವರಿ ಮಾಡಿದವರಿಗೆ ಪೆಟ್ರೋಲ್ ಕಳೆದು ಎಷ್ಟು ಉಳಿಯುತ್ತೆ? ಅಂದಾಜೇ ಇರಲಿ, ಆದರೆ ಬರೆದಿರಲಿ. ಈ ಪುಟ ತುಂಬೋಕೆ ನಿಜವಾದ ಅಂಗಡಿಯವರನ್ನ, ನಿಜವಾದ ಡೆಲಿವರಿ ಅಣ್ಣಂದಿರನ್ನ ಮಾತಾಡಿಸಲೇಬೇಕಾಗುತ್ತೆ. ಅವರು ಮಾತಾಡೋದು ಕನ್ನಡದಲ್ಲಿ, ಅದಕ್ಕೇ ಈ ಕೆಲಸವನ್ನ ನಮ್ಮ ಕನ್ನಡ ಬಳಗವೂ ಕೈಗೆತ್ತಿಕೊಳ್ಳಬಹುದು ಅಂತ ನನಗನ್ನಿಸುತ್ತೆ.

ಚಿಕ್ಕಮ್ಮ ಈಗ ಏನು ಮಾಡ್ತಿದ್ದಾರೆ ಅಂತ ಕೇಳ್ತೀರಾ? ಅಕೌಂಟ್ ಮುಚ್ಚಿಲ್ಲ. ಕುರ್ತಿಗಳನ್ನ ಮಾತ್ರ ತೆಗೆಸಿಬಿಟ್ರು. ಅದರ ಬದಲು ಉಳಿದ ಬಟ್ಟೆಯಲ್ಲಿ ಹೊಲಿದ ಕೈಚೀಲ ಹಾಕಿದ್ದಾರೆ, ಮೂರರ ಸೆಟ್. ಚೀಲಕ್ಕೆ ಸೈಜ್ ಜಗಳ ಇಲ್ಲ. ಕುರ್ತಿ ಮತ್ತೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋಯ್ತು, ಅಳತೆ ಮೊದಲೇ ಕೇಳಿ ಹೊಲೀತಾರೆ. ಈ ಐಡಿಯಾ ನಂದಲ್ಲ, ಅವರದ್ದೇ. ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕಿ, ನನಗೆ ಫೋಟೋ ಕಳಿಸಿ ಕೇಳಿದ್ರು: "ಸರಿ ಇದೆಯಾ ನೋಡೋ, ಇಂಜಿನಿಯರ್ರೇ."

ಎರಡು ಸಲ ಕೂಡಿ ನೋಡಿದೆ. ಸರಿ ಇತ್ತು.