ಅಂದಲೂಸ್ ನೋಡಬೇಕೆಂಬ ಆಸೆ

ನಮ್ಮ ಮನೆಗಳಲ್ಲಿ ಹೆಂಗಸರ ಪ್ರವಾಸವೆಂದರೆ ಬಹುತೇಕ ಮದುವೆ, ಬಾಣಂತನ, ಸಾವು. ಚನ್ನಪಟ್ಟಣದಿಂದ ಕನಕಪುರದ ತವರಿಗೆ, ಮಾಗಡಿಯಿಂದ ರಾಮನಗರದ ನಾದಿನಿಯ ಮನೆಗೆ. ಹೋದಲ್ಲೂ ಕಾದಿರುವುದು ಅಡುಗೆಮನೆಯೇ. ಆದರೆ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಈಗ "ಅಮ್ಮೀ, ಒಮ್ಮೆ ಸ್ಪೇನ್ ನೋಡಿ ಬರೋಣ" ಎನ್ನತೊಡಗಿದ್ದಾರೆ. ಅಮ್ಮಿ ನಕ್ಕು, "ನನಗೇಕಪ್ಪಾ ಅದೆಲ್ಲ, ನೀವು ಹೋಗಿಬನ್ನಿ" ಎಂದು ಸುಮ್ಮನಾಗುತ್ತಾರೆ. ಸಹೋದರಿಯರೇ, ಆ ಮಾತನ್ನು ಅಷ್ಟು ಬೇಗ ಆಡಬೇಡಿ.

ಸ್ಪೇನ್ ನಮಗೆ ಪೂರ್ತಿ ಪರದೇಶವೇನಲ್ಲ. 711ರಿಂದ 1492ರವರೆಗೆ ಅಲ್ಲಿನ ಒಂದಲ್ಲ ಒಂದು ಭಾಗ ಮುಸ್ಲಿಮರ ಆಳ್ವಿಕೆಯಲ್ಲಿತ್ತು. ಆ ನಾಡೇ ಅಂದಲೂಸ್. ಇಂದಿಗೂ ಅಲ್ಲಿನವರು ಸಕ್ಕರೆಗೆ ಅಸೂಕರ್, ಅಕ್ಕಿಗೆ ಅರೋಸ್, ದಿಂಬಿಗೆ ಅಲ್ಮೊಆದ ಎನ್ನುತ್ತಾರೆ. ಎಲ್ಲವೂ ಅರಬಿಯಿಂದ ಬಂದ ಪದಗಳು. 'ಹಾಗಾಗಲಿ' ಎಂಬ ಆಸೆಗೆ ಅವರಾಡುವ 'ಓಹಲಾ' ಎಂಬ ಮಾತಿನೊಳಗೆ ಅಲ್ಲಾಹನ ಹೆಸರೇ ಅಡಗಿದೆ. ರಾಮನಗರದ ಹಿರಿಯರ ಬಾಯಲ್ಲಿ ಕ್ಲೋಸ್‌ಪೇಟೆ ಎಂಬ ಹಳೆಯ ಹೆಸರು ಉಳಿದಂತೆ, ಆಳಿದವರು ಹೋದ ಮೇಲೂ ಹೆಸರುಗಳು ಉಳಿಯುತ್ತವೆ.

ನೋಡಬೇಕಾದವು ಮುಖ್ಯವಾಗಿ ಮೂರು ಊರು. ಕುರ್ತುಬಾದ ಮಸೀದಿಯನ್ನು ಎಂಟನೇ ಶತಮಾನದಲ್ಲಿ ಒಂದನೇ ಅಬ್ದುಲ್ ರಹಮಾನ್ ಕಟ್ಟಿಸಲು ಆರಂಭಿಸಿದ. ಕೆಂಪು-ಬಿಳಿ ಕಮಾನುಗಳನ್ನು ಹೊತ್ತ ಎಂಟುನೂರಕ್ಕೂ ಹೆಚ್ಚು ಕಂಬಗಳು ಅಲ್ಲಿವೆ. 1236ರಿಂದ ಅದು ಚರ್ಚ್. ಮುಸ್ಲಿಮರಿಗೆ ಒಳಗೆ ನಮಾಝ್ ಮಾಡಲು ಅನುಮತಿಯಿಲ್ಲ. ಇದನ್ನು ಮಕ್ಕಳಿಗೆ ಹೊರಡುವ ಮೊದಲೇ ತಿಳಿಸಿ ಹೇಳಿ, ಅಲ್ಲಿ ಹೋಗಿ ಕಾವಲುಗಾರರೊಡನೆ ವಾದಕ್ಕಿಳಿಯುವುದು ಬೇಡ. ಗ್ರಾನಡಾದಲ್ಲಿ ಅಲ್‌ಹಂಬ್ರಾ ಅರಮನೆ ಇದೆ. ಅದರ ಎದುರಿನ ಗುಡ್ಡದ ಅಲ್ಬೈಸಿನ್ ಬಡಾವಣೆಯಲ್ಲಿ 2003ರಲ್ಲಿ ತೆರೆದ ಹೊಸ ಮಸೀದಿಯಿದೆ. ಮೂರನೆಯದು ಸೆವಿಲ್ಲಾ.

ರಾಮನಗರದ ರೇಷ್ಮೆ ಮನೆಗಳವರು ಗ್ರಾನಡಾದ ಅಲ್ಕೈಸೆರಿಯಾ ಓಣಿಗಳನ್ನು ನೋಡದೆ ಬರಬಾರದು. ಸುಲ್ತಾನರ ಕಾಲದಲ್ಲಿ ಅದು ರೇಷ್ಮೆಯ ಮಾರುಕಟ್ಟೆ. 1843ರಲ್ಲಿ ಬೆಂಕಿಗೆ ಬಿದ್ದು, ಮತ್ತೆ ಕಟ್ಟಿದ ಮೇಲೆ ಈಗ ಪ್ರವಾಸಿಗರ ಅಂಗಡಿಸಾಲು. ಮರದೊಳಗೆ ಬಣ್ಣಬಣ್ಣದ ಮರ, ಮೂಳೆಯ ಚೂರು ಕೂರಿಸುವ ತರಾಸೆಯಾ ಎಂಬ ಕುಸುರಿ ಕೆಲಸವೂ ಆ ಊರಿನದು. ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಕಡೆಯುವವರಿಗೆ ಅದರ ಬೆಲೆ ಹೇಳಿಕೊಡಬೇಕಾಗಿಲ್ಲ.

ಇನ್ನು ಸಿದ್ಧತೆ. ಮೊದಲ ಕೆಲಸ ಪಾಸ್‌ಪೋರ್ಟ್. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ 1500 ರೂಪಾಯಿ ಶುಲ್ಕ, ಹತ್ತು ವರ್ಷ ಬಾಳುತ್ತದೆ. ನಮ್ಮ ಹೆಂಗಸರಿಗೆ ತೊಡಕಾಗುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಬಾನು, ಆಧಾರ್‌ನಲ್ಲಿ ಬೇಗಂ, ಬ್ಯಾಂಕಿನಲ್ಲಿ ಎರಡೂ ಇಲ್ಲ. ಪ್ರವಾಸ ಇರಲಿ ಬಿಡಲಿ, ಇದನ್ನು ಈ ವರ್ಷವೇ ಸರಿಪಡಿಸಿಕೊಳ್ಳಿ. ನಾಳೆ ಹಜ್‌ಗೂ ಬೇಕು, ಆಸ್ತಿಗೂ ಬೇಕು.

ಎರಡನೆಯದು ಶೆಂಗೆನ್ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಕೊಡಬಹುದು, ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45, ಆರರೊಳಗಿನವರಿಗೆ ಇಲ್ಲ. ಗಂಡ, ಹೆಂಡತಿ, ಹದಿನಾಲ್ಕರ ಮಗಳು, ಎಂಟರ ಮಗ ಹೊರಟರೆ ಇದೊಂದೇ 315 ಯೂರೋ. ವೀಸಾ ಸಿಗದಿದ್ದರೂ ಹಣ ಮರಳುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬ್ಯಾಂಕಿನ ಲೆಕ್ಕವನ್ನೂ ತೋರಿಸಬೇಕು. ಎಲ್ಲವನ್ನೂ ನಗದಿನಲ್ಲೇ ನಡೆಸುವ ವ್ಯಾಪಾರದ ಮನೆಗಳಿಗೆ ಕಷ್ಟವಾಗುವುದು ಇಲ್ಲಿ. ಅರ್ಜಿಯ ಹಿಂದಿನ ವಾರ ಯಾರದೋ ಹಣ ತಂದು ಖಾತೆಗೆ ತುಂಬಿದರೆ ಅನುಮಾನ ಹೆಚ್ಚುತ್ತದೆಯೇ ಹೊರತು ವೀಸಾ ಸಿಗುವುದಿಲ್ಲ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಜಮೆಯಾಗುತ್ತ ಬಂದ ಖಾತೆಗೆ ಬೆಲೆ ಹೆಚ್ಚು.

ಮೂರನೆಯದು ಕಾಲ. ಜುಲೈ, ಆಗಸ್ಟ್‌ನಲ್ಲಿ ಆ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆಯಲ್ಲಿ ಅಲ್ಲಿ ವಸಂತ, ದಸರಾ ರಜೆಯ ಹೊತ್ತಿಗೂ ಹವೆ ಹಿತ. ಈಸ್ಟರ್ ವಾರದಲ್ಲಿ ಮಾತ್ರ ಕೋಣೆಗಳ ಬಾಡಿಗೆ ಏರುತ್ತದೆ. ಅಲ್‌ಹಂಬ್ರಾದ ಟಿಕೇಟು ಹೆಸರಿನ ಮೇಲೆ ಕೊಡುವಂಥದ್ದು, ವಾರಗಳ ಮುಂಚೆಯೇ ಮುಗಿದುಹೋಗುವುದುಂಟು. ಒಳಗಿನ ನಸ್ರಿದ್ ಅರಮನೆಗೆ ಟಿಕೇಟಿನಲ್ಲಿ ಬರೆದ ಸಮಯಕ್ಕೇ ಹೋಗಬೇಕು. ಆದ್ದರಿಂದ ಮೊದಲು ಆ ದಿನವನ್ನು ಗೊತ್ತುಮಾಡಿ, ಉಳಿದ ದಿನಗಳನ್ನು ಅದರ ಸುತ್ತ ಜೋಡಿಸಿ. ಕುರ್ತುಬಾ ಎರಡು ರಾತ್ರಿ, ಗ್ರಾನಡಾ ಮೂರು, ಸೆವಿಲ್ಲಾ ಎರಡು ಸಾಕು. ಮ್ಯಾಡ್ರಿಡ್‌ನಿಂದ ಕುರ್ತುಬಾಕ್ಕೆ ವೇಗದ ರೈಲಿನಲ್ಲಿ ಎರಡು ಗಂಟೆಯೂ ಬೇಡ.

ಊಟದ ಮಾತು. 'ಹಮೋನ್', 'ಸೆರ್ದೊ' ಎಂದರೆ ಹಂದಿ ಮಾಂಸ. ತರಕಾರಿ ಪಲ್ಯದಲ್ಲೂ ಅದರ ಚೂರು ಹಾಕುವುದುಂಟು, ಕೇಳಿಯೇ ತಿನ್ನಿ. ಮೀನು, ಆಲೂಗಡ್ಡೆ-ಮೊಟ್ಟೆಯ ತೊರ್ತಿಯಾ ಎಲ್ಲೆಡೆ ಸಿಗುತ್ತವೆ. ಗ್ರಾನಡಾದಲ್ಲಿ ಮೊರಾಕ್ಕೊದವರ ಹಲಾಲ್ ಹೋಟೆಲುಗಳಿವೆ. ಖರ್ಚು ಉಳಿಯಲೆಂದು ಅಡುಗೆಮನೆಯಿರುವ ವಸತಿ ಹಿಡಿಯುತ್ತೀರಾ? ಒಳ್ಳೆಯದೇ. ಆದರೆ ಯಾವ ದಿನ ಯಾರ ಅಡುಗೆ ಎಂಬುದನ್ನು ಊರು ಬಿಡುವ ಮುನ್ನವೇ ಬರೆದಿಡಿ, ಅಬ್ಬಾನ ಹೆಸರೂ ಪಟ್ಟಿಯಲ್ಲಿರಲಿ. ಅಷ್ಟು ದೂರ ಹೋಗಿ ಅಮ್ಮಿ ಅಲ್ಲೂ ಪಾತ್ರೆ ತೊಳೆಯುತ್ತಾ ನಿಂತರೆ ಅದು ಅವರ ಪಾಲಿಗೆ ಪ್ರವಾಸವಾಗುವುದಿಲ್ಲ.

ಸಾಲ ಮಾಡಿ ಹೋಗಬೇಡಿ, ಹಜ್‌ಗೆಂದು ಇಟ್ಟ ಹಣವನ್ನು ಮುಟ್ಟಬೇಡಿ. ಒಂದೇ ದಿನದ ವಲೀಮಾಕ್ಕೆ ಲಕ್ಷಗಟ್ಟಲೆ ಸುರಿಯುವಾಗ ಯಾರೂ ಲೆಕ್ಕ ಕೇಳುವುದಿಲ್ಲ, ಮನೆಯ ಹೆಂಗಸು ನಾಲ್ಕು ಊರು ನೋಡುತ್ತೇನೆಂದರೆ ಮಾತ್ರ ಎಲ್ಲರಿಗೂ ಲೆಕ್ಕ ನೆನಪಾಗುತ್ತದೆ. ಎರಡು ಮೂರು ವರ್ಷ ಕೂಡಿಟ್ಟರೂ ಸ್ಪೇನ್‌ನಷ್ಟು ಹಣ ಕೂಡದಿರಬಹುದು. ಆಗ ಬಿಜಾಪುರದ ಗೋಲಗುಂಬಜಿದೆ, ಬೀದರಿನ ಗವಾನ್ ಮದರಸವಿದೆ. ಅದೂ ಬೇಡವೆಂದರೆ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುವುದನ್ನು ನೋಡಿ ಬನ್ನಿ. ಮಾಗಡಿಯವರೇ ಎಷ್ಟೋ ಜನ ಸಾವನದುರ್ಗ ಹತ್ತಿಲ್ಲ. ಎಲ್ಲಿಗೆ ಹೋದರೂ ಒಂದು ಮಾತು: ದಿನ ಗೊತ್ತುಮಾಡುವಾಗ ಅಮ್ಮಿಯನ್ನೂ ಕೂರಿಸಿಕೊಂಡು ಕೇಳಿ. ಹೊರಡುವ ದಿನ ಮಾತ್ರ ಹೇಳಿದರೆ ಅವರು ಬರುವುದು ಬುತ್ತಿ ಕಟ್ಟಿಕೊಂಡೇ.