ಹಸಿವೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಹಡಗಿನಲ್ಲಿ ನೌಕರಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯ ಮೇಲೆ ಶಿರಾಲಿಗೆ ಬಂದವನು, ಕಳೆದ ತಿಂಗಳು ಒಂದು ಸಂಜೆ ನಮ್ಮ ಮನೆಗೂ ಬಂದಿದ್ದ. ಇಂಗ್ಲಿಷ್ ಪದ್ಯ ಬಾಯಿಪಾಠ ಬಾರದೆ ಬೆಂಚಿನ ಮೇಲೆ ನಿಲ್ಲುತ್ತಿದ್ದ ಹುಡುಗನೇ ಈತ. ಈಗ ಐದಾರು ದೇಶಗಳವರೊಡನೆ ಇಂಗ್ಲಿಷಿನಲ್ಲಿ ವ್ಯವಹರಿಸುವುದಷ್ಟೇ ಅಲ್ಲ, ಜಗಳವನ್ನೂ ಆಡಬಲ್ಲ. "ನಿಮಗೆ ಇಂಥದ್ದು ಸೇರ್ತದಲ್ಲ ಸರ್" ಎಂದು ಆತ ನನ್ನ ಕೈಗಿತ್ತದ್ದು ಒಂದು ತೆಳ್ಳನೆಯ ಪುಸ್ತಿಕೆ. ಪೋರ್ಚುಗೀಸ್ ಮಾತೃಭಾಷೆಯವರಿಗೆ ದಿನಬಳಕೆಯ ಇಂಗ್ಲಿಷ್ ಶಬ್ದಗಳನ್ನೂ ನುಡಿಗಟ್ಟುಗಳನ್ನೂ ಕಲಿಸುವ ಪುಸ್ತಕವದು. ಅವನೊಡನೆ ಕೆಲಸ ಮಾಡುವ ಬ್ರೆಜಿಲ್ ದೇಶದವನೊಬ್ಬ ಓದಿ ಮುಗಿಸಿ ಕೊಟ್ಟದ್ದಂತೆ.

ಪೋರ್ಚುಗೀಸ್ ನನಗೆ ಬಾರದು. ಗೆಳೆಯನ ಸಹವಾಸದಿಂದ ಅಷ್ಟಿಷ್ಟು ಕಲಿತಿರುವ ಆ ಶಿಷ್ಯನೇ ಎರಡು ಸಂಜೆ ಜಗಲಿಯ ಮೇಲೆ ಕುಳಿತು ನನಗೆ ಅರ್ಥ ಹೇಳಿದ. ಗುರುಶಿಷ್ಯರ ಸ್ಥಾನಪಲ್ಲಟ ನನಗೇನೂ ಬೇಸರ ತರಲಿಲ್ಲ. ಆದರೆ ಅಂದಿನಿಂದ ಒಂದು ವಿಚಾರ ತಲೆಯಲ್ಲಿ ಕೊರೆಯುತ್ತಿದೆ. ಅದನ್ನೇ ಇಲ್ಲಿ ನಿಮ್ಮೆದುರು ಇಡುತ್ತಿದ್ದೇನೆ.

ಹಸಿವೆಯ ಮಾತನ್ನೇ ತೆಗೆದುಕೊಳ್ಳಿ. ನಾವು "ನನಗೆ ಹಸಿವೆಯಾಗಿದೆ" ಎನ್ನುತ್ತೇವೆ. ಹಸಿವೆ ಎಂಬುದು ಹೊರಗಿನಿಂದ ಬಂದು ನನಗೆ ಆದದ್ದು. ನಾನು ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ಕುಳಿತವನು. ಪೋರ್ಚುಗೀಸರು "ನಾನು ಹಸಿವೆಯನ್ನು ಹೊಂದಿದ್ದೇನೆ" ಎನ್ನುವ ಅರ್ಥದಲ್ಲಿ ಹೇಳುತ್ತಾರೆ. ಅವರಿಗೆ ಹಸಿವೆ ಒಂದು ಸೊತ್ತು. ವಯಸ್ಸೂ ಹಾಗೆಯೇ: ಅವರು "ಇಪ್ಪತ್ತು ವರ್ಷ ಇದ್ದಾರೆ" ಅಲ್ಲ, ಅವರ "ಬಳಿ ಇಪ್ಪತ್ತು ವರ್ಷ ಇದೆ". ಇಂಗ್ಲಿಷಿನವನಾದರೋ "ಐ ಯಾಮ್ ಹಂಗ್ರಿ" ಎಂದು ತಾನೇ ಹಸಿದವನಾಗುತ್ತಾನೆ. ಹೊಟ್ಟೆ ಮೂವರದೂ ಒಂದೇ, ವಾಕ್ಯ ಮಾತ್ರ ಮೂರು ಬಗೆ. ಆದ್ದರಿಂದ ಬ್ರೆಜಿಲಿನ ಹುಡುಗ ಇಂಗ್ಲಿಷ್ ಕಲಿಯುವಾಗ "ಐ ಹ್ಯಾವ್ ಟ್ವೆಂಟಿ ಇಯರ್ಸ್" ಎಂದು ಎಡವುತ್ತಾನೆ. ನಮ್ಮ ಹುಡುಗ ಆ ತಪ್ಪು ಎಂದೂ ಮಾಡಲಾರ. ಅವನು "ಮಿ ಹಂಗ್ರಿ" ಎಂದೋ "ಹಂಗ್ರಿ ಕಮಿಂಗ್" ಎಂದೋ ಬೇರೊಂದು ಕಡೆ ಎಡವುತ್ತಾನೆ.

ಇನ್ನೊಂದು ಸ್ವಾರಸ್ಯ ಕೇಳಿ. ಪೋರ್ಚುಗೀಸಿನಲ್ಲಿ "ಪುಶಾರ್" ಎಂದರೆ ಎಳೆಯುವುದು! ಬ್ರೆಜಿಲಿನ ಅಂಗಡಿಗಳ ಬಾಗಿಲಿನ ಮೇಲೆ "ಎಳೆಯಿರಿ" ಎಂದು ಬರೆದಿರುವುದನ್ನು ಓದಿದರೆ ಇಂಗ್ಲಿಷ್ ಕಿವಿಗೆ "ಪುಶ್" ಎಂದೇ ಕೇಳುತ್ತದೆ. "ಪಾರೆಂತಿಸ್" ಎಂದರೆ ತಂದೆತಾಯಿಗಳಲ್ಲ, ನೆಂಟರಿಷ್ಟರು. ಇಂಥ ಮೋಸದ ಜೋಡಿಗಳಿಗೆ ಪುಸ್ತಕ ಪುಟಗಟ್ಟಲೆ ಸ್ಥಳ ಕೊಟ್ಟಿದೆ. ಉಚ್ಚಾರಣೆಯಲ್ಲಿ ಮಾತ್ರ ಅವರೂ ನಾವೂ ದಾಯಾದಿಗಳು. ವ್ಯಂಜನದಲ್ಲಿ ಮುಗಿಯುವ ಶಬ್ದ ನಮ್ಮ ನಾಲಗೆಗೆ ಒಗ್ಗದೆ ಬಸ್ಸು, ಕಾರು, ಬುಕ್ಕು ಎಂದು ಉಕಾರ ಅಂಟಿಸಿದ ಹಾಗೆ ಬ್ರೆಜಿಲಿನವರು ಇಕಾರ ಅಂಟಿಸುತ್ತಾರಂತೆ. ಪಿಕ್‌ನಿಕ್ ಅವರಲ್ಲಿ "ಪಿಕಿನಿಕಿ".

ಪುಸ್ತಕ ಬರೆದವನಿಗೆ ತನ್ನ ಓದುಗ ಎಲ್ಲಿ ಎಡವುತ್ತಾನೆಂಬುದು ಗೊತ್ತಿದೆ. ಏಕೆಂದರೆ ಆತ ಹೊರಟದ್ದು ಪೋರ್ಚುಗೀಸಿನ ಹೊಸ್ತಿಲಿನಿಂದ, ಇಂಗ್ಲಿಷಿನ ವ್ಯಾಕರಣದಿಂದ ಅಲ್ಲ. ನಾನು ಮೂರು ದಶಕಗಳ ಕಾಲ ಕೈಯಲ್ಲಿ ಹಿಡಿದ ಇಂಗ್ಲಿಷ್ ಪಠ್ಯಗಳಲ್ಲಿ ಶಿರಾಲಿಯ ಮಗುವಿನ ನಾಲಗೆಯ ಮೇಲೆ ಈಗಾಗಲೇ ಯಾವ ಭಾಷೆ ಇದೆ ಎಂಬ ಪ್ರಶ್ನೆಯೇ ಇರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ 80 ಅಂಕಗಳ ಲಿಖಿತ ಪರೀಕ್ಷೆ. ಬಾಯಿ ತೆರೆಯುವುದಕ್ಕೆ ಸಿಕ್ಕುವುದು ಉಳಿದ 20 ಆಂತರಿಕ ಅಂಕಗಳಲ್ಲಿ ಯಾವುದೋ ಒಂದು ತುಣುಕು. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದರಲ್ಲಿ ಎತ್ತಿದ ಕೈಯಾಗಿದ್ದ ನಮ್ಮ ಶಾಲೆಯ ಹುಡುಗಿಯೊಬ್ಬಳು, ಮುಂದೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಕನ್ನಡ ಬಾರದ ವೈದ್ಯರೆದುರು ತನ್ನ ತಾಯಿಗೆ ಎಲ್ಲಿ ನೋಯುತ್ತದೆ, ಎಂದಿನಿಂದ ನೋಯುತ್ತದೆ ಎಂದು ಹೇಳಲಾರದೆ ಕಣ್ಣೀರಿಟ್ಟಳಂತೆ. ಅವಳ ಬಳಿ ವ್ಯಾಕರಣ ಇತ್ತು, "ಹೊಟ್ಟೆ ಕಿವುಚಿದ ಹಾಗೆ ಆಗ್ತದೆ" ಎಂಬುದಕ್ಕೆ ವಾಕ್ಯ ಇರಲಿಲ್ಲ.

ಹೊಸ ದಾರಿಗಳನ್ನು ಯಾರೂ ಯೋಚಿಸಲಿಲ್ಲವೆಂದಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್' ಎಂದು ಹೊರದೇಶಗಳಲ್ಲಿ ಇಂದಿಗೂ ಹೆಸರಾಗಿದೆ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಮಕ್ಕಳೆದುರು ಇಟ್ಟು, ಲೆಕ್ಕ ಬಿಡಿಸಿದಂತೆ ಸಮಸ್ಯೆ ಬಿಡಿಸುತ್ತ ಬಿಡಿಸುತ್ತ ಭಾಷೆ ತಾನಾಗಿ ಹತ್ತಲಿ ಎಂಬುದು ಅವರ ಆಶಯ. ಬೆಂಗಳೂರಿನ ಹೆಸರು ಹೊತ್ತ ಈ ವಿಧಾನ ಶಿರಾಲಿಯ ತರಗತಿಗೆ ಬರಲೇ ಇಲ್ಲ.

ದಿನಬಳಕೆಯ ಇಂಗ್ಲಿಷಿನಲ್ಲಿ ನಮ್ಮವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಕಷ್ಟದ ಶಬ್ದಗಳಲ್ಲ, ಮರ್ಯಾದೆ. ಎಂಟನೆಯ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದ್ದ: "ಇಂಗ್ಲಿಷಿನಲ್ಲಿ ಅಜ್ಜನಿಗೂ ಯೂ, ಬೆಕ್ಕಿಗೂ ಯೂ, ಹೌದಾ ಸರ್?" ಎಂಥ ಒಳ್ಳೆಯ ಪ್ರಶ್ನೆ! ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲಿಯೇ ಇದೆ. "ನೀರು ಕೊಡು" ಎಂಬುದನ್ನು "ನೀರು ಕೊಡಿ" ಎಂದರೆ ಮುಗಿಯಿತು. ಇನ್ನೊಂದು ಶಬ್ದ ಬೇಡ. ಇದೇ ಮಾತು ಇಂಗ್ಲಿಷಿಗೆ ಹೋಗುವಾಗ ಆ ಇಕಾರ ದಾರಿಯಲ್ಲಿ ಬಿದ್ದುಹೋಗಿ "ಗಿವ್ ಮಿ ವಾಟರ್" ಆಗುತ್ತದೆ, ಮತ್ತು ಕೇಳಿದವನಿಗೆ ಅಪ್ಪಣೆಯಂತೆ ಕೇಳುತ್ತದೆ. ಇಂಗ್ಲಿಷಿನವರು ತಮ್ಮ ಮರ್ಯಾದೆಯನ್ನು "ಪ್ಲೀಸ್", "ಕುಡ್ ಐ ಹ್ಯಾವ್", "ವುಡ್ ಯೂ ಮೈಂಡ್" ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ತುಂಬಿ ಇಟ್ಟುಕೊಂಡಿದ್ದಾರೆ. ಆ ಡಬ್ಬಿಗಳನ್ನು ತೆರೆಯುವುದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.

ಗೋವೆಯ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ ನಮ್ಮೂರ ಹುಡುಗನೊಬ್ಬ ವಯಸ್ಸಾದ ಪರದೇಶಿ ದಂಪತಿಗಳಿಗೆ "ಸಿಟ್", "ವೇಟ್" ಎಂದನಂತೆ. ಅವರು ಮ್ಯಾನೇಜರರಲ್ಲಿ ದೂರಿತ್ತರು. ಕೆಲಸ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಅವನ ಮನಸ್ಸಿನಲ್ಲಿದ್ದದ್ದು "ಕೂತ್ಕಳಿ, ಒಂದ್ ಚೂರು ನಿಲ್ಲಿ" ಎಂಬ ಅಪ್ಪಟ ವಿನಯದ ಮಾತು. ಅಂಥ ಸಾತ್ವಿಕ ಹುಡುಗನಿಗೆ ಒರಟನೆಂಬ ಹೆಸರು ಬರುವುದೆಂದರೆ ಎಷ್ಟು ಅನ್ಯಾಯ!

ಹೊರಡುವಾಗ "ಬರ್ತೆ" ಎನ್ನುವ ನಮ್ಮ ಪದ್ಧತಿಯೂ ಹಾಗೆಯೇ. ಹೋಗುತ್ತೇನೆ ಎನ್ನುವುದು ಅಮಂಗಲ. ಅದನ್ನು "ಐ ವಿಲ್ ಕಮ್" ಎಂದು ಹೇಳಿ ಹೊರಟರೆ ಎದುರಿನವ ಸಂಜೆಯವರೆಗೂ ಕಾಯುತ್ತಾನೆ. ಅಪರಿಚಿತನಿಗೆ "ಊಟ ಆಯ್ತಾ?" ಎಂಬುದರ ಇಂಗ್ಲಿಷ್ ರೂಪ ಊಟದ ಆಮಂತ್ರಣದಂತೆ ಕೇಳುತ್ತದೆ. ಬ್ಯಾಂಕಿನಲ್ಲಿ "ಡೋಂಟ್ ಯೂ ಹ್ಯಾವ್ ಎ ಪಾಸ್‌ಬುಕ್?" ಎಂದರೆ ನಾವು "ಯೆಸ್" ಎನ್ನುತ್ತೇವೆ, "ಹೌದು, ಇಲ್ಲ" ಎಂಬ ಅರ್ಥದಲ್ಲಿ, ಗುಮಾಸ್ತ ಪಾಸ್‌ಬುಕ್ಕಿಗೆ ಕೈಚಾಚುತ್ತಾನೆ. ಇನ್ನು ಬಸ್ಸು. ಕನ್ನಡದಲ್ಲಿ ತಪ್ಪುವುದು ಬಸ್ಸು, ಇಂಗ್ಲಿಷಿನಲ್ಲಿ ತಪ್ಪಿಸಿಕೊಳ್ಳುವವನು ನಾನು, ಪೋರ್ಚುಗೀಸಿನಲ್ಲಿ ಬಸ್ಸನ್ನು ಕಳೆದುಕೊಳ್ಳುವವನು ನಾನು. ಜವಾಬ್ದಾರಿಯನ್ನು ಬಸ್ಸಿನ ಮೇಲೆಯೇ ಹೊರಿಸುವ ಕನ್ನಡ ನನಗೆ ಹೆಚ್ಚು ಹಿತವೆನ್ನಿಸುತ್ತದೆ, ಅದು ಬೇರೆ ಮಾತು.

ಪರಭಾಷೆಯ ಶಬ್ದಗಳನ್ನು ಅರಗಿಸಿಕೊಳ್ಳುವುದು ಈ ಕರಾವಳಿಗೆ ಹೊಸತಲ್ಲ. 1510ರಲ್ಲಿ ಅಲ್ಬುಕರ್ಕ್ ಗೋವೆಯ ಮೇಲೆ ದಂಡೆತ್ತಿ ಹೋಗುವಂತೆ ಪ್ರೇರೇಪಿಸಿದವರಲ್ಲಿ ಹೊನ್ನಾವರದ ತಿಮ್ಮೋಜ ಪ್ರಮುಖ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟರು, 1569ರಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದರು. ಅವರ ಭಾಷೆಯನ್ನು ನಮಗೆ ಯಾವ ಶಾಲೆಯೂ ಕಲಿಸಲಿಲ್ಲ, ಯಾವ ಪರೀಕ್ಷೆಯೂ ಕೇಳಲಿಲ್ಲ. ಆದರೂ ಚಾವಿ, ಬಾಲ್ದಿ, ಬಟಾಟೆ, ಅನಾನಸು, ಪಗಾರ, ಇಸ್ತ್ರಿ, ಲಿಲಾವು ನಮ್ಮ ಮನೆಮಾತಾದವು. ಕೊಂಕಣಿಗರ ಮನೆಯ ಕಿಟಕಿ ‘ಜನೇಲ' ಆಯಿತು. ಗಾರೆಕೆಲಸದ ಮೇಸ್ತ್ರಿ ಪೋರ್ಚುಗೀಸಿನ ‘ಮೆಸ್ತ್ರೆ'; ನಮ್ಮ ಶಾಲೆಯ ಮಾಸ್ತರ ಇಂಗ್ಲಿಷಿನ ‘ಮಾಸ್ಟರ್'; ಎರಡರ ಮೂಲವೂ ಒಂದೇ ಲ್ಯಾಟಿನ್ ಶಬ್ದ. (ಪಗಾರ ಮಾತ್ರ ಇಬ್ಬರಿಗೂ ಬೇರೆ ಬೇರೆ!) ಸಾಲ ಒಂದೇ ದಿಕ್ಕಿನದೂ ಅಲ್ಲ. ನಮ್ಮ ತೋಟದ ಅಡಿಕೆ ಪೋರ್ಚುಗೀಸರ ಬಾಯಿಗೆ ಬಿದ್ದು ‘ಅರೆಕಾ' ಆಗಿ ಇಂಗ್ಲಿಷಿಗೆ ಹೋಯಿತು, ಇಂಗ್ಲಿಷಿನ ಮ್ಯಾಂಗೋ, ಜ್ಯಾಕ್ ಫ್ರೂಟ್ ಮಲಯಾಳ ದೇಶದಿಂದ ಅದೇ ಹಡಗು ಹತ್ತಿದವು.

ಆ ಶಬ್ದಗಳು ಬಂದದ್ದು ವಸ್ತುವಿನ ಜೊತೆ, ಕೆಲಸದ ಜೊತೆ. ಬಾಲ್ದಿ ಎಂದರೇನೆಂದು ವಿವರಿಸಬೇಕಾಗಲಿಲ್ಲ, ನೀರು ಸೇದಿದರೆ ಸಾಕಾಯಿತು. ಶಿರಾಲಿ, ಮುರ್ಡೇಶ್ವರ, ಭಟ್ಕಳದ ಮಗು ಇಂದಿಗೂ ಹೀಗೆಯೇ ಮನೆಯಲ್ಲಿ ಕೊಂಕಣಿಯನ್ನೋ ನವಾಯತಿಯನ್ನೋ ನಮ್ಮ ಕಡೆಯ ಕನ್ನಡವನ್ನೋ, ಅಂಗಡಿಯಲ್ಲಿ ಇನ್ನೊಂದನ್ನು, ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಆಡುತ್ತದೆ. ಎರಡು ಮೂರು ಭಾಷೆಗಳನ್ನು ಲೀಲಾಜಾಲವಾಗಿ ಹೊರುವ ಮಗುವಿಗೆ ಇಂಗ್ಲಿಷ್ ಮಾತ್ರ ಬೆಟ್ಟವಾಗುವುದೇಕೆ?

ಈ ಪ್ರಶ್ನೆಗೆ ಪಾಲಕರು ತಮಗೆ ತಿಳಿದ ಉತ್ತರ ಕಂಡುಕೊಂಡಿದ್ದಾರೆ: ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದು. ನಮ್ಮ ಸರಕಾರ 2007ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸುವಂತಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಪಾಲಕರನ್ನು ನಾನು ದೂಷಿಸಲಾರೆ. ನನ್ನಲ್ಲಿ ಸಲಹೆ ಕೇಳಲು ಬರುವ ಹಳೆಯ ವಿದ್ಯಾರ್ಥಿಗಳನ್ನು, "ನಿನ್ನ ಮಗಳಿಗೆ ಇಂಗ್ಲಿಷಿನಿಂದ ಏನು ಬೇಕು?" ಎಂದು ವಿಚಾರಿಸಿದರೆ ಯಾರೂ ಶೇಕ್ಸ್‌ಪಿಯರನ ಹೆಸರೆತ್ತುವುದಿಲ್ಲ. "ನಾಲ್ಕು ಜನರೆದುರು ಹೆದರದೆ ಮಾತಾಡಬೇಕು ಸರ್" ಎನ್ನುತ್ತಾರೆ. ಅಂದರೆ ಆಸ್ಪತ್ರೆ, ಬ್ಯಾಂಕು, ರೈಲು ನಿಲ್ದಾಣ, ಸಂದರ್ಶನದ ಕೋಣೆ ಇಷ್ಟಕ್ಕೆ ಬೇಕಾದ ಕೆಲವು ನೂರು ವಾಕ್ಯಗಳು. ಅಷ್ಟನ್ನು ಕನ್ನಡ ಶಾಲೆ ಕೊಡಲಾರದೇ ಹೋದದ್ದರಿಂದ ಮಗು ವಿಜ್ಞಾನವನ್ನೂ ಗಣಿತವನ್ನೂ ಅರ್ಥವಾಗದ ಭಾಷೆಯಲ್ಲಿ ಉರುಹೊಡೆಯುತ್ತಿದೆ. ಒಂದು ಬಾಲ್ದಿ ನೀರಿಗಾಗಿ ಬಾವಿಯನ್ನೇ ಮುಚ್ಚಿದ ಹಾಗೆ.

ನನ್ನ ಅಭಿಪ್ರಾಯ ಇಷ್ಟು. ಆ ಕೆಲವು ನೂರು ವಾಕ್ಯಗಳನ್ನು ಕನ್ನಡ ಶಾಲೆಯೇ ಕಲಿಸಬೇಕು, ಮತ್ತು ಕನ್ನಡದ ಹೊಸ್ತಿಲಿನಿಂದ ಕಲಿಸಬೇಕು. "ನನಗೆ ನೆಗಡಿಯಾಗಿದೆ", "ನಂಗೆ ಬೇಜಾರು ಬಂತು", "ಅವರು ನಿಮಗೆ ಏನಾಗಬೇಕು?", "ತಲೆಗೆ ನೀರು ಹಾಕ್ಕೊಂಡೆ" ಇಂಥ ಮಾತುಗಳನ್ನು ಮುಂದಿಟ್ಟು, ಇದನ್ನು ಇಂಗ್ಲಿಷಿನವ ಹೇಗೆ ಹೇಳುತ್ತಾನೆ, ಏಕೆ ಹಾಗೆ ಹೇಳುತ್ತಾನೆ ಎಂದು ತೋರಿಸಬೇಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಸದ್ದೇ ಇರಬಾರದೆನ್ನುವ ಮಿತ್ರರು ನನಗಿದ್ದಾರೆ. ಎರಡು ಭಾಷೆ ಕಲಸಿದರೆ ಮಗು ಮನಸ್ಸಿನಲ್ಲಿ ಅನುವಾದ ಮಾಡುತ್ತಲೇ ಇರುತ್ತದೆ ಎಂಬುದು ಅವರ ವಾದ. ಆದರೆ ತರಗತಿಯಲ್ಲಿ ಕನ್ನಡವನ್ನು ನಿಷೇಧಿಸಿದ ಮಾತ್ರಕ್ಕೆ ಮಗುವಿನ ತಲೆಯೊಳಗೆ ಅದು ನಿಲ್ಲುವುದಿಲ್ಲ. ಅಲ್ಲಿ ಅನುವಾದ ಹೇಗಿದ್ದರೂ ನಡೆಯುತ್ತದೆ, ಶಿಕ್ಷಕನ ಕಣ್ಣಿಗೆ ಬೀಳದೆ, ತಿದ್ದುವವರಿಲ್ಲದೆ. ಗೋವೆಯ ಹೋಟೆಲಿನಲ್ಲಿ "ಸಿಟ್" ಎಂದ ಹುಡುಗನ ತಲೆಯೊಳಗೆ ನಡೆದದ್ದು ಅದೇ. ಕನ್ನಡದಲ್ಲಿ ಮಾತಾಡಿದ್ದಕ್ಕೆ ದಂಡ ಹಾಕುವ ಶಾಲೆಗಳ ಬಗ್ಗೆ ನಾನು ಹೇಳುವುದೇನೂ ಇಲ್ಲ, ಹೇಳಿದರೆ ಸಭ್ಯವಾಗಿರಲಾರದು.

ಇಂಥದೊಂದು ಪುಸ್ತಿಕೆಗಾಗಿ ನಾನು ಟಿಪ್ಪಣಿ ಮಾಡತೊಡಗಿದ್ದೇನೆ. ಇನ್ನೂರು ಪುಟದ ನೋಟುಪುಸ್ತಕದಲ್ಲಿ ಅರುವತ್ತರಷ್ಟು ತುಂಬಿವೆ. ನಿಮ್ಮಲ್ಲಿ ಅನೇಕರು ಬೆಂಗಳೂರು, ಮುಂಬಯಿ, ದುಬೈ ಮತ್ತು ಅದರಾಚೆಯೂ ಇದ್ದೀರಿ. ಮೊದಲ ಕೆಲಸದ ಮೊದಲ ವಾರದಲ್ಲಿ ಯಾವ ಸರಳ ಮಾತಿಗೆ ಇಂಗ್ಲಿಷ್ ಸಿಗದೆ ನೀವು ಬಾಯಿ ಕಟ್ಟಿ ನಿಂತಿರಿ, ಅದನ್ನು ಮನೆಯಲ್ಲಿ ಆಡುವ ಹಾಗೆಯೇ, ಕೊಂಕಣಿಯಾದರೆ ಕೊಂಕಣಿಯಲ್ಲಿಯೇ, ಬರೆದು ಕಳಿಸಿ. ಪಕ್ಕದಲ್ಲಿ ಇಂಗ್ಲಿಷ್ ಬರೆಯುವುದು ಬೇಡ. ಆ ಕಾಲಂ ಅನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.