ಬೇರೆ ಶಾಲೆ ಇದೆಯಲ್ಲ ಎನ್ನುವವರಿಗೆ

ಮುಂಬಯಿ ಬಳಿಯ ವಿಠ್ಠಲವಾಡಿ, ಕಲ್ಯಾಣ, ಉಲ್ಲಾಸನಗರದ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಅಂಗವಿಕಲ ಮಕ್ಕಳನ್ನು ಉಳಿದವರ ಜೊತೆಗೇ ಓದಿಸಬೇಕೆಂಬ ಮಾತು ತೆಗೆದರೆ ಸಾಕು, ಒಂದಿಷ್ಟು ಆಕ್ಷೇಪಗಳು ಎದುರಾಗುತ್ತವೆ. ಆಕ್ಷೇಪಿಸುವವರು ಕಲ್ಲೆದೆಯವರಲ್ಲ. ಪರನಾಡಿನಲ್ಲಿ ಕನ್ನಡ ಉಳಿಯಲೆಂದು ದಿನದ ದುಡಿಮೆ ಮುಗಿಸಿ ಕನ್ನಡ ಸಂಘದ, ಕನ್ನಡ ಶಾಲೆಯ ಕೆಲಸಕ್ಕೆ ಕೂತವರು, ಕೈಯಿಂದ ಹಣ ಹಾಕಿದವರು. ಅವರ ಮೇಲೆ ಗೌರವವಿರುವುದರಿಂದಲೇ ಅವರ ಒಂದೊಂದು ಮಾತಿಗೂ ಉತ್ತರ ಕೊಡಬೇಕೆನಿಸುತ್ತದೆ.

“ಅಂಥ ಮಕ್ಕಳಿಗೆಂದೇ ವಿಶೇಷ ಶಾಲೆಗಳಿವೆಯಲ್ಲ?” ಇವೆ. ಎಷ್ಟು ದೂರದಲ್ಲಿವೆ, ಯಾವ ಭಾಷೆಯಲ್ಲಿ ಕಲಿಸುತ್ತವೆ ಎಂಬುದನ್ನೂ ಕೇಳಬೇಕಲ್ಲವೇ? ಕರ್ಜತ್, ಬದಲಾಪುರದ ಕಡೆಯಿಂದ ಬರುವ ಲೋಕಲ್ ಬೆಳಗಿನ ಹೊತ್ತು ವಿಠ್ಠಲವಾಡಿ ಮುಟ್ಟುವಾಗಲೇ ತುಂಬಿರುತ್ತದೆ. ಅಂಗವಿಕಲರ ಡಬ್ಬ ಬೇರೆ ಇದೆ, ನಿಜ. ಅದು ನಿಲ್ಲುವ ಜಾಗಕ್ಕೆ ಮಗುವನ್ನು ಒಯ್ದು, ಪ್ಲಾಟ್‌ಫಾರ್ಮಿಗೂ ಬಾಗಿಲಿಗೂ ನಡುವಿನ ಸಂದು ದಾಟಿಸಿ, ಠಾಣೆಯಲ್ಲೋ ದಾದರಿನಲ್ಲೋ ಇಳಿಸಬೇಕಾದವಳು ತಾಯಿ. ಶಾಲೆ ಬಿಡುವ ತನಕ ಆಕೆ ಹೊರಗೆ ಕಾಯುತ್ತಾಳೆ. ಆಕೆಯ ಕೆಲಸ ಹೋಗುತ್ತದೆ, ಕೊನೆಗೆ ಮಗುವಿನ ಶಾಲೆಯೂ ನಿಲ್ಲುತ್ತದೆ. ಓಣಿಯ ಶಾಲೆಗಾದರೆ ಮಗು ಅಣ್ಣನ ಕೈಹಿಡಿದು ಹೋಗಬಹುದಿತ್ತು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಮಿನ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ, 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಆಯ್ಕೆ ಮಗುವಿನದು. ಮುಖ್ಯಾಧ್ಯಾಪಕರದಲ್ಲ, ಆಡಳಿತ ಮಂಡಳಿಯದೂ ಅಲ್ಲ. ವಿಶೇಷ ಶಾಲೆಗಳನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಕಿವಿ ಕೇಳದ ಮಗುವಿಗೆ ಸಂಜ್ಞಾಭಾಷೆ ಬಲ್ಲ ಗೆಳೆಯರು ಬೇಕು. ಅವರು ವಿಶೇಷ ಶಾಲೆಯಲ್ಲೇ ಸಿಗುವುದಾದರೆ ಅಲ್ಲಿಗೆ ಹೋಗಲಿ. ಆದರೆ ಆ ಶಾಲೆಗಳನ್ನು ಕಟ್ಟಿದವರ ಅನುಭವಕ್ಕೂ ಕಿವಿಗೊಡಿ. ಮಿಥು ಆಲೂರ್ ಅವರು 1972ರಲ್ಲಿ ಮುಂಬಯಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ವಿಶೇಷ ಶಾಲೆ ತೆರೆದರು. ಅವರೇ ಮುಂದೆ ಈ ಮಕ್ಕಳು ಸಾಮಾನ್ಯ ಶಾಲೆಗಳಲ್ಲಿ ಓದಬೇಕೆಂದು ಪಟ್ಟು ಹಿಡಿದು ದುಡಿದರು. ಸೆರೆಬ್ರಲ್ ಪಾಲ್ಸಿ ಇರುವ ಅವರ ಮಗಳು ಮಾಲಿನಿ ಚಿಬ್ ಓದಿದ್ದು ಎಲ್ಲರೂ ಓದುವ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ.

ಎರಡನೆಯ ಆಕ್ಷೇಪವನ್ನು ನಮ್ಮವರಲ್ಲಿ ಓದಿಕೊಂಡವರು ಮುಂದಿಡುತ್ತಾರೆ. “ನಮ್ಮದು ಭಾಷಾ ಅಲ್ಪಸಂಖ್ಯಾತರ ಸಂಸ್ಥೆ. ಶಿಕ್ಷಣ ಹಕ್ಕು ಕಾಯ್ದೆ ನಮಗೆ ಅನ್ವಯಿಸುವುದಿಲ್ಲ.” 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟದ್ದು ನಿಜ. ಆದರೆ ಅಂಗವಿಕಲರ ಹಕ್ಕುಗಳ ಕಾಯ್ದೆ ಬೇರೆಯೇ ಕಾನೂನು. ಸರಕಾರದ ಅಥವಾ ಸ್ಥಳೀಯ ಸಂಸ್ಥೆಯ ಅನುದಾನ ಇಲ್ಲವೇ ಮಾನ್ಯತೆ ಪಡೆದ ಎಲ್ಲ ಶಾಲೆಗಳನ್ನೂ ಅದರ 16ನೇ ಕಲಮು ಹೆಸರಿಸಿ, ಅಲ್ಲಿ ಆಗಬೇಕಾದದ್ದನ್ನು ಹೇಳುತ್ತದೆ: ಭೇದವಿಲ್ಲದೆ ಸೇರಿಸಿಕೊಳ್ಳುವುದು, ಕಟ್ಟಡ ಎಲ್ಲರಿಗೂ ನಿಲುಕುವಂತೆ ಮಾಡುವುದು, ಮಗುವಿಗೆ ತಕ್ಕ ಅನುಕೂಲ ಒದಗಿಸುವುದು. ಅಲ್ಪಸಂಖ್ಯಾತರ ಶಾಲೆಗೆ ಬೇರೆ ಎಂಬ ವಿನಾಯಿತಿ ಅಲ್ಲಿಲ್ಲ.

ಕಾನೂನು ಬದಿಗಿಟ್ಟರೂ ಈ ಆಕ್ಷೇಪ ನನಗೆ ತುಂಬ ನೋವು ಕೊಡುತ್ತದೆ. ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆ ಯಾವ ನೆಲೆಯ ಮೇಲೆ ನಿಂತಿದೆ? ಸಂವಿಧಾನದ 30ನೇ ವಿಧಿ ಮತ್ತು 350-ಎ ಮೇಲೆ. ನಾವು ಇಲ್ಲಿ ಕೆಲವರೇ ಇರಬಹುದು, ನಮ್ಮ ಮಕ್ಕಳಿಗಾಗಿ ಬೇರೆ ಪುಸ್ತಕ, ಬೇರೆ ಶಿಕ್ಷಕರು ಬೇಕಾಗಬಹುದು, ಸರಕಾರಕ್ಕೆ ಅದು ತೊಂದರೆಯೂ ಆಗಬಹುದು. ಆದರೂ ಅದು ನಮ್ಮ ಹಕ್ಕು ಎಂದು ಹೇಳಿಯೇ ತಾನೇ ನಾವು ಶಾಲೆ ಪಡೆದದ್ದು? ಅದೇ ಮಾತನ್ನು ಗಾಲಿಕುರ್ಚಿಯ ಮೇಲಿನ ಮಗು ಹೇಳಿದಾಗ ನಾವು ‘ಅಲ್ಪಸಂಖ್ಯಾತರು’ ಎಂಬ ಫಲಕ ಅಡ್ಡ ಹಿಡಿಯುವುದು ಎಷ್ಟು ಮಾತ್ರಕ್ಕೂ ಸರಿಯಲ್ಲ.

“ಉಳಿದ ಮಕ್ಕಳ ಓದು ಹಾಳಾಗುತ್ತದೆ, ಎಸ್‌ಎಸ್‌ಸಿ ಫಲಿತಾಂಶ ಇಳಿಯುತ್ತದೆ.” ಇಟಲಿ 1977ರಲ್ಲೇ ಕಾನೂನು ಮಾಡಿ ಅಂಗವಿಕಲ ಮಕ್ಕಳನ್ನು ಸಾಮಾನ್ಯ ತರಗತಿಗೆ ತಂದಿತು, ಅಲ್ಲಿ ಉಳಿದವರ ಓದು ನಿಂತುಹೋಗಲಿಲ್ಲ. ಇಲ್ಲಿನ ಫಲಿತಾಂಶದ ಮಾತಿಗೆ ಬಂದರೆ, ಓದುಬರಹದಲ್ಲಿ ಕಲಿಕಾ ನ್ಯೂನತೆ ಇರುವ ಮಕ್ಕಳು ಈಗಾಗಲೇ ನಮ್ಮ ತರಗತಿಗಳಲ್ಲಿ ಕೂತಿದ್ದಾರೆ. ದಡ್ಡರು, ಸೋಮಾರಿಗಳು ಎನಿಸಿಕೊಂಡು ಹಿಂದಿನ ಬೆಂಚಿನಲ್ಲಿದ್ದಾರೆ. ಮಹಾರಾಷ್ಟ್ರ ಮಂಡಳಿ ಅಂಥವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡುತ್ತದೆ, ಅಗತ್ಯವಿದ್ದರೆ ಬರೆಯುವವರನ್ನೂ ಕೊಡುತ್ತದೆ. ಸಾಯನ್ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯಿದೆ. ಗುರುತಿಸಿ ಕಳಿಸಿದರೆ ಪಾಸಾಗಬಹುದಾದ ಮಗು ಗುರುತಿಸದ ಕಾರಣಕ್ಕೆ ಫೇಲಾಗುತ್ತಿದೆ. ಫಲಿತಾಂಶದ ಚಿಂತೆ ಇರುವವರು ಮೊದಲು ಮಾಡಬೇಕಾದ ಕೆಲಸ ಹೀಗೆ ಗುರುತಿಸುವುದು.

“ಶಿಕ್ಷಕರಿಗೆ ತರಬೇತಿ ಇಲ್ಲ.” ಈ ಆಕ್ಷೇಪ ಗಟ್ಟಿಯಾದದ್ದು, ಒಪ್ಪುತ್ತೇನೆ. ತುಂಬಿದ ತರಗತಿಯಲ್ಲಿ ಒಬ್ಬರೇ ನಿಂತ ಟೀಚರಮ್ಮನ ಮೇಲೆ ಎಲ್ಲ ಹೊರೆ ಹಾಕುವುದು ಅನ್ಯಾಯ. ಆದರೆ ಇದಕ್ಕೆ ಪರಿಹಾರವೂ ಲಿಖಿತವಾಗಿಯೇ ಇದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ಶಾಲೆಗಳಿಗೂ ವಿಶೇಷ ಶಿಕ್ಷಕರು ಬೇಕೆಂದಿತು. ಮರುವರ್ಷ ಕೇಂದ್ರವು ಪ್ರಾಥಮಿಕದಲ್ಲಿ 10 ಅಂಗವಿಕಲ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಎಂದು ಗೊತ್ತುಮಾಡಿತು. 2025ರ ಮಾರ್ಚಿನಲ್ಲಿ ಕೋರ್ಟು ಮತ್ತೆ ರಾಜ್ಯಗಳಿಗೆ ಹುದ್ದೆಗಳನ್ನು ಪ್ರಕಟಿಸಿ ತುಂಬಿರೆಂದು ಆದೇಶಿಸಿತು. ಕನ್ನಡ ಬಲ್ಲ ವಿಶೇಷ ಶಿಕ್ಷಕರನ್ನು ಕೊಡಿ ಎಂದು ನಮ್ಮ ಸಂಘಗಳು ಪಾಲಿಕೆಯ, ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಹಾಕಬೇಕು. ದಾಖಲಾದ ಮಕ್ಕಳೇ ಇಲ್ಲದ ಕಡೆಗೆ ಹುದ್ದೆ ಹೇಗೆ ಬರುತ್ತದೆ? ಮಗುವನ್ನು ಸೇರಿಸಿಕೊಂಡರೇ ಕೇಳುವ ದಾರಿ ತೆರೆಯುವುದು.

ಖರ್ಚಿನ ಮಾತಿಗೆ ಸಣ್ಣ ಲೆಕ್ಕ ಸಾಕು. ರ್‍ಯಾಂಪಿನ ಇಳಿಜಾರು 12ಕ್ಕೆ 1 ಇರಬೇಕು. ನೆಲಗಟ್ಟು 45 ಸೆಂಟಿಮೀಟರ್ ಎತ್ತರವಿದ್ದರೆ 5.4 ಮೀಟರ್ ಉದ್ದದ ರ್‍ಯಾಂಪು. ಒಂದು ವಾರ್ಷಿಕೋತ್ಸವದ ಪೆಂಡಾಲನ್ನು ತುಸು ಚಿಕ್ಕದು ಮಾಡಿದರೆ ಆಗುವ ಕೆಲಸ. ಮೇಲಿನ ಮಹಡಿಯ ತರಗತಿಯನ್ನು ನೆಲಮಹಡಿಗೆ ಇಳಿಸಲು ದುಡ್ಡೇ ಬೇಡ.

ಇನ್ನೊಂದು ಮಾತು ಹಿತವಚನದ ರೂಪದಲ್ಲಿ ಬರುತ್ತದೆ, ಅದಕ್ಕೇ ಹೆಚ್ಚು ಹಾನಿ ಮಾಡುತ್ತದೆ. “ಮಗುವಿಗೆ ಮಾತು ತಡ. ಮನೆಯಲ್ಲಿ ಕನ್ನಡ ಬಿಡಿ, ಹಿಂದಿ ಇಲ್ಲವೇ ಇಂಗ್ಲಿಷ್ ಒಂದನ್ನೇ ಆಡಿ, ಗೊಂದಲ ಆಗುತ್ತದೆ.” ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ: ಎರಡು ಭಾಷೆಯ ನಡುವೆ ಬೆಳೆದ ಕಾರಣಕ್ಕೆ ಈ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ. ಕನ್ನಡ ಬಿಟ್ಟಾಗ ಏನಾಗುತ್ತದೆಂದು ಯೋಚಿಸಿ. ಕಲಬುರಗಿಯಿಂದಲೋ ಅಕ್ಕಲಕೋಟೆಯಿಂದಲೋ ಬಂದ ಅಜ್ಜಿಗೆ ಹಿಂದಿ ಹರಿಯದು. ಆಕೆ ಮೊಮ್ಮಗನ ಜೊತೆ ಮಾತು ನಿಲ್ಲಿಸುತ್ತಾಳೆ. ತಾಯಿ ತನಗೆ ಅರೆಬರೆ ಬರುವ ಭಾಷೆಯಲ್ಲಿ ಆಜ್ಞೆಗಳನ್ನಷ್ಟೇ ಕೊಡಬಲ್ಲಳು: ಕೂಡು, ತಿನ್ನು, ಬಾ. ಮುದ್ದು ಮಾಡುವುದು, ಗದರುವುದು, ಕತೆ ಹೇಳುವುದು ಎಲ್ಲ ಕಡಿಮೆಯಾಗುತ್ತದೆ. ಮಾತು ಹೆಚ್ಚು ಬೇಕಾದ ಮಗುವಿನ ಕಿವಿಗೆ ಬೀಳುವ ಮಾತು ಅರ್ಧಕ್ಕೆ ಇಳಿಯುತ್ತದೆ. ಕನ್ನಡಕ್ಕಾಗಿ ಹೋರಾಡುವ ನಾವು ಮೊದಲು ಬೆಂಬಲಿಸಬೇಕಾದದ್ದು ಈ ಮನೆಗಳನ್ನು.

“ಬೇರೆ ಮಕ್ಕಳು ಗೇಲಿ ಮಾಡುತ್ತಾರೆ, ಪಾಪ.” ಗೇಲಿ ಮಾಡುವವರನ್ನು ತಿದ್ದುವುದು ಶಾಲೆಯ ಕೆಲಸ. ಗೇಲಿಗೆ ಒಳಗಾಗುವವರನ್ನು ಹೊರಗಿಡುವುದು ಯಾವ ನ್ಯಾಯ?

ಕೊನೆಯದು, “ಎಲ್ಲ ಸಿದ್ಧವಾಗಲಿ, ಆಮೇಲೆ ನೋಡೋಣ.” 2011ರ ಜನಗಣತಿಯಂತೆ ದೇಶದಲ್ಲಿ 5ರಿಂದ 19 ವರ್ಷದ ಅಂಗವಿಕಲ ಮಕ್ಕಳಲ್ಲಿ ಶೇ. 27ರಷ್ಟು ಜನ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಅವರಲ್ಲಿ ಆಗ ಆರು ವರ್ಷವಿದ್ದವರು ಈಗ ಇಪ್ಪತ್ತು ದಾಟಿದ್ದಾರೆ. ‘ಆಮೇಲೆ’ ಅವರ ಪಾಲಿಗೆ ಬರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ. ಅರ್ಜಿ ಹಿಡಿದು ಬಂದ ತಾಯಿಯನ್ನು ಕೂರಿಸಿ, ಮೊದಲು ಮಗುವಿನ ಹೆಸರು ದಾಖಲಿಸಿಕೊಳ್ಳಿ. ಏನೇನು ಅನುಕೂಲ ಬೇಕೆಂದು ಆಕೆಯನ್ನೇ ಕೇಳಿ, ಬರೆದುಕೊಂಡು, ಆ ಕೆಲಸ ಆ ವಾರವೇ ಶುರು ಮಾಡಿ.